ಅರ್ಧ ಅಥರ್

ಬಹ್ಲಾದಿಂದ ಆಚೆ, ಮಣ್ಣಿನ ಗೋಡೆ ಕುಸಿದಲ್ಲೆಲ್ಲ
ಖರ್ಜೂರ ಎದ್ದು ನಿಂತಿರುವ ಊರು.
ಶುಕ್ರವಾರ ಶುಕ್ರವಾರ ಹೋಗುತ್ತಿದ್ದೆ, ಸ್ವಯಂಸೇವಕಿ.
ಮಿಕ್ಕ ದಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ
ಜನರ ಎಲುಬಿನ ಚಿತ್ರ ತೆಗೆಯುವವಳು;
"ಉಸಿರು ಹಿಡಿಯಿರಿ" ಎನ್ನುವಷ್ಟು ಅರಬಿ ಬರುತ್ತದೆ ನನಗೆ,
"ಈಗ ಬಿಡಿ" ಎನ್ನುವಷ್ಟು.

ಮೊದಲ ದಿನ ಹ್ಯಾಟು, ಕೈಗವಸು, ಹೊಸ ನೋಟುಬುಕ್ಕು.
ಹನ್ನೊಂದು ಮಂದಿ ನಾವು. ಐರ್ಲೆಂಡಿನ ಬ್ರೀಡಾ
ಹಲಗೆಯ ಮೇಲೆ ಬರೆದಳು:
ಹಸಿರು ಒಂದು ಪಾಲು, ಒಣಗಿದ್ದು ಮೂರು,
ವಾರಕ್ಕೊಮ್ಮೆ ಮಗುಚಬೇಕು.
ಗರಿ ಕೊಚ್ಚಿದೆವು, ಆಡಿನ ಹಿಕ್ಕೆ ಹೊತ್ತೆವು,
ಲೆಟ್ಯೂಸ್ ಬಿತ್ತಿದೆವು, ಫೋಟೊ ತೆಗೆಸಿಕೊಂಡೆವು.
ಏಪ್ರಿಲ್ ಬಂತು.
ಒಂದೇ ಮಧ್ಯಾಹ್ನಕ್ಕೆ ಲೆಟ್ಯೂಸ್ ಹಪ್ಪಳ.

ನೀರು ಫಲಜಿನದು. ಗುಡ್ಡದ ಹೊಟ್ಟೆಯಿಂದ ಹೊರಟು
ಮೊಳದಗಲದ ಕಾಲುವೆಯಲ್ಲಿ ಊರು ಸುತ್ತುವ ನೀರು;
ಕೊಡದ ಲೆಕ್ಕವಲ್ಲ ಅದಕ್ಕೆ, ಹೊತ್ತಿನ ಲೆಕ್ಕ.
ಅರ್ಧ ಗಂಟೆಗೆ ಅಥರ್ ಎಂದು ಹೆಸರು.
ನಮ್ಮ ತೋಟಕ್ಕೆ ಅರ್ಧ ಅಥರ್:
ಝುವೈನಾ ಎಂಬ ಮುದುಕಿ ಸಾಯುವ ಮುಂಚೆ
ಶಾಲೆಯ ಮಕ್ಕಳಿಗೆ ಬಿಟ್ಟುಹೋದ ಹದಿನೈದು ನಿಮಿಷ.

ಎಂಟು ದಿನಕ್ಕೊಮ್ಮೆ ಅದರ ಸರದಿ. ಏಳು ದಿನಕ್ಕೊಮ್ಮೆ ನಮ್ಮದು.
ಲೆಕ್ಕ ಹಾಕಿ ನೋಡಿ,
ನಮಗೂ ನೀರಿಗೂ ಮುಖಾಮುಖಿ
ಐವತ್ತಾರು ದಿನಕ್ಕೆ ಒಂದು ಸಲ.
ಮತ್ತೆ ಇಷ್ಟು ದಿನ ಹಾಯಿಸಿದವರು ಯಾರು?
ಈ ಪ್ರಶ್ನೆ ನನಗೆ ಹೊಳೆಯಲು ಐದು ತಿಂಗಳು ಬೇಕಾಯಿತು.

ಮೊಫಿಜುಲ್. ಬರಿಸಾಲಿನವನು.
ಅವನ ಸಂಬಳ ಪಕ್ಕದ ತೋಟದ್ದು, ಇದು ಸುಮ್ಮನೆ.
ಅವನನ್ನು ಸ್ವಯಂಸೇವಕ ಎಂದು ಯಾರೂ ಕರೆದಿರಲಿಲ್ಲ;
ಫೋಟೊದಲ್ಲಿ ಹುಡುಕಿದೆ, ಒಂದರಲ್ಲಿ ಮೊಣಕೈ ಇತ್ತು.
ಅವನ ಕೋಣೆಯ ಹಿಂದೆ, ಮೀಯುವ ಕಲ್ಲಿನಿಂದ ನೀರು ಹರಿದುಹೋಗುವಲ್ಲಿ
ಹರಿದ ಮೀನುಬಲೆಯ ಚಪ್ಪರ. ಅದರ ತುಂಬ,
ಜುಲೈಯ ಆ ಬೆಂಕಿಯಲ್ಲಿ,
ದಪ್ಪ ದಪ್ಪ ಎಲೆ.
"ಪುಂಯಿ" ಎಂದ.
ಬಸಳೆ ಮಾರಾಯ, ಎಂದೆ ನಾನು, ಕನ್ನಡದಲ್ಲೇ.

ಕುಂದಾಪುರದಲ್ಲಿ ನಮ್ಮ ಬಚ್ಚಲ ನೀರೂ ಬಸಳೆಯ ಬುಡಕ್ಕೇ.
ಅದನ್ನು ಪಾಠವೆಂದು ಯಾರೂ ಹೇಳಿಕೊಟ್ಟಿರಲಿಲ್ಲ,
ನಾನೂ ಕಲಿತಿರಲಿಲ್ಲ. ಅಮ್ಮ ಬುಟ್ಟಿ ಕೊಟ್ಟು
"ಹೋಗು, ನಾಲ್ಕು ಕುಡಿ ಚಿವುಟಿ ತಾ" ಎಂದರೆ
ಚಟ್ಲಿ ಹಾಕುತ್ತಾಳಾ ಇಲ್ಲವಾ ಎಂಬುದಷ್ಟೇ ನನ್ನ ಚಿಂತೆ.

ಅವನಿಂದ ಮೂರು ದಂಟು ಇಸಕೊಂಡು
ಲೆಟ್ಯೂಸ್ ಸತ್ತ ಪಾತಿಯಲ್ಲಿ ಊರಿದೆ.
"ಶುಕ್ರವಾರ ಬಂದು ಆಗದು," ಎಂದ ಮೊಫಿಜುಲ್,
"ಮಂಗಳವಾರ ರಾತ್ರಿ ಎರಡಕ್ಕೆ ಬಾ."

ಹೋದೆ. ಮಸೀದಿಯ ಗೋಡೆಗೆ ಒರಗಿ
ನೀರು ಹಂಚುವ ಖಲ್ಫಾನ್ ಕೂತಿದ್ದ, ತಲೆ ಮೇಲೆತ್ತಿ.
ಗುಡ್ಡದ ಅಂಚಿಗೆ ಒಂದು ನಕ್ಷತ್ರ ಬಂತು,
ಅವನು ಜೇಬಿನಿಂದ ಮೊಬೈಲು ತೆಗೆದು
ನಕ್ಷತ್ರ ಸರಿಯಾಗಿದೆಯೇ ಎಂದು ನೋಡಿದ.
ತಲೆಯಾಡಿಸಿದ.

ಕಂಡಿಯಲ್ಲಿದ್ದ ಕಲ್ಲು, ಅದಕ್ಕೆ ಸುತ್ತಿದ ಹಳೇ ಲುಂಗಿ.
ನಾನೇ ಎಳೆದೆ.
ನೀರು ಕತ್ತಲಲ್ಲಿ ಮೊದಲು ಸದ್ದಾಗಿ ಬಂತು,
ಆಮೇಲೆ ಪಾದಕ್ಕೆ ಬಂತು, ಬೆಚ್ಚಗೆ.
ಮೊಫಿಜುಲ್ ಗುದ್ದಲಿಯಲ್ಲಿ ಒಂದೊಂದೇ ಪಾತಿಯ ಬಾಯಿ ಬಿಡಿಸುತ್ತ,
ಮುಚ್ಚುತ್ತ, ಓಡುತ್ತ;
ನಾನು ಹಿಂದೆ ಹಿಂದೆ, ಎರಡು ಸಲ ಜಾರಿ.
ಬದನೆಗೆ, ಅಲಸಂದೆಗೆ, ಮೂರು ದಂಟಿಗೆ.
ಅಷ್ಟರಲ್ಲಿ ಖಲ್ಫಾನ್ ಕೆಮ್ಮಿದ.
ಮುಗಿಯಿತು. ಕೊನೆಯ ಪಾತಿ ಅರ್ಧ ಒಣಗಿಯೇ ಉಳಿಯಿತು.
ಕಲ್ಲು ಮತ್ತೆ ಕಂಡಿಗೆ,
ನೀರು ಮುಂದಿನ ಮನೆಗೆ.

ಬೆಳಿಗ್ಗೆ ಏಳಕ್ಕೆ ಡ್ಯೂಟಿ.
ಮೊದಲ ಪೇಷೆಂಟು ಒಬ್ಬ ಅಜ್ಜಿ, ಹಳೇ ಕೆಮ್ಮು.
ಭುಜ ಹಿಡಿದು ನಿಲ್ಲಿಸುವಾಗ
ನನ್ನ ಉಗುರಿನ ಕೆಸರು ನೋಡಿದಳು.
"ರಾತ್ರಿ ಯಾರ ಸರದಿ?"
"ಝುವೈನಾಳದು," ಎಂದೆ.
ಹೂಂ, ಎಂದು ತಟ್ಟೆಗೆ ಎದೆಯಾನಿಸಿ
ನಾನು ಹೇಳುವ ಮೊದಲೇ
ಉಸಿರು ಹಿಡಿದು ನಿಂತಳು.